ಅಂಕಣಕಾರರ ಮನೆಯಲ್ಲಿ ಅಕ್ಕ

ಭಾವನನ್ನು ಕೊಂದದ್ದು ಹಾಡಹಗಲಲ್ಲಿ, ಅವನದೇ ಹೌಸಿಂಗ್ ಸೊಸೈಟಿಯ ಗೇಟಿನ ಎದುರು. ಬೈಕುಗಳ ಮೇಲೆ ಬಂದ ತರುಣರ ಗುಂಪೊಂದು ಕಬ್ಬು ಕಡಿಯುವ ಉದ್ದನೆಯ ಕೊಯ್ತಾ ಬೀಸುತ್ತ, ರಸ್ತೆಬದಿಯ ಗಾಡಿಗಳ ಗಾಜು ಒಡೆಯುತ್ತ ಹೊರಟಿತ್ತು. ಅವರಿಗೆ ಯಾರ ಮೇಲೂ ಹಗೆ ಇರಲಿಲ್ಲ. ಓಣಿ ತಮಗೆ ಹೆದರಬೇಕಿತ್ತು, ಅಷ್ಟೇ. ಪುಣೆಯಲ್ಲಿ ಈಗ ಇದೇನು ಹೊಸದಲ್ಲ. ಊಟ ಮುಗಿಸಿ ಅಡ್ಡಾಗಿದ್ದ ಭಾವ ಸದ್ದು ಕೇಳಿ ಎದ್ದ. “ಹುಡುಗಿ ಬರೋ ಹೊತ್ತು” ಎಂದಷ್ಟೇ ಅಕ್ಕನಿಗೆ ಹೇಳಿ ಬರಿಗಾಲಲ್ಲಿ ಕೆಳಗೆ ಓಡಿದ. ಮೊದಲ ಏಟು ಕುತ್ತಿಗೆಗೆ ಬಿತ್ತು. ತಡೆಯಲು ಎತ್ತಿದ ಕೈಯ ಬೆರಳುಗಳು ಮುಂದಿನ ಏಟಿಗೆ ಹೋದವು.

ನಾನು ಚಾಕಣದ ಕಾರ್ಖಾನೆಯಿಂದ ಬಂದು ಮುಟ್ಟುವಷ್ಟರಲ್ಲಿ ಪಂಚನಾಮೆ ಮುಗಿದಿತ್ತು. ವಾಚಮನ್ ಕಸಬರಿಗೆ ಹಿಡಿದು ಗೇಟಿನ ಮುಂದಿನ ಫರಶಿಗಲ್ಲು ತಿಕ್ಕುತ್ತಿದ್ದ. ಟ್ಯೂಷನ್ನಿನಿಂದ ಮರಳುತ್ತಿದ್ದ ಅಕ್ಕನ ಮಗಳನ್ನು, ನನ್ನ ಸೊಸೆಯನ್ನು, ಗೇಟಿನ ಪಕ್ಕದ ಕರೆಂಟ್ ಮೀಟರ್ ಕೋಣೆಯೊಳಗಿಂದ ಎತ್ತಿ ತಂದಿದ್ದರು. ಏನು ನೋಡಿದೆ ಎಂದು ಪೊಲೀಸರು ಕೇಳಿದರೆ ಗೋಡೆ ನೋಡುತ್ತಿದ್ದಳು. ಮುಂದೆ ಎಷ್ಟೋ ದಿನ ನಮ್ಮ ಯಾರೊಂದಿಗೂ ಅವಳು ಮಾತಾಡಲಿಲ್ಲ.

ಭಾನುವಾರ ಮರಾಠಿ ಪತ್ರಿಕೆ ಬಂತು. ಅದರ ವಿನೋದದ ಅಂಕಣ ಅಕ್ಕನಿಗೆ ಭಾಳ ಇಷ್ಟ. ಧಾರವಾಡದಿಂದ ಮದುವೆಯಾಗಿ ಬಂದ ಹೊಸದರಲ್ಲಿ ಅದನ್ನೇ ಗಟ್ಟಿಯಾಗಿ ಓದಿ ಮರಾಠಿ ಕಲಿತವಳು. ಆ ವಾರದ ಅಂಕಣ ಭಾವನ ಸಾವಿನ ಮೇಲಿತ್ತು. ಪುಣೆಯ ಮನೆಗಳ ಮುಂದಿನ ಚುಚ್ಚುಮಾತಿನ ಬೋರ್ಡುಗಳು ಊರಿಗೆಲ್ಲ ಗೊತ್ತು. ಅದೇ ಧಾಟಿಯಲ್ಲಿ ಅಂಕಣಕಾರರು ಒಂದು ಹೊಸ ಬೋರ್ಡು ಬರೆದಿದ್ದರು: “ಇಲ್ಲಿ ಗಾಡಿ ನಿಲ್ಲಿಸಬೇಡಿ. ನಿಲ್ಲಿಸಿದರೆ ಚಕ್ರದ ಗಾಳಿ ತೆಗೆಯುವುದಿಲ್ಲ, ತಲೆ ತೆಗೆಯುತ್ತೇವೆ.” ಭಾವ ತನ್ನ ಗಾಡಿ ಉಳಿಸಲು ಇಳಿದನೆಂದುಕೊಂಡು, ಹಳೇ ಸ್ಕೂಟರಿಗಾಗಿ ಪುಣೆಯವರಿಗೆ ಪ್ರಾಣವಾದ ಮಧ್ಯಾಹ್ನದ ನಿದ್ದೆಯನ್ನೇ ತ್ಯಾಗ ಮಾಡಿದ ಪುಣೇಕರ ಇವನೊಬ್ಬನೇ ಎಂದೂ ಬರೆದಿದ್ದರು.

ಅಕ್ಕ ಪತ್ರಿಕೆ ಮಡಚಿ ಎದ್ದಳು. “ನಡಿ” ಎಂದಳು. ನಾನು ಚಪ್ಪಲಿ ಮೆಟ್ಟಿದೆ.

ಹಳೇ ಪೇಟೆಯಲ್ಲಿ ಅಂಕಣಕಾರರ ಮನೆಯನ್ನು ಯಾರು ಬೇಕಾದರೂ ತೋರಿಸುತ್ತಿದ್ದರು. ನೆರೆತ ತಲೆಯ, ಸಣ್ಣ ಮೈಯ ಮನುಷ್ಯ. ನಾವು ಯಾರೆಂದು ತಿಳಿಯದೆ “ಯಾ, ಬಸಾ” ಎಂದು ಕುರ್ಚಿ ತೋರಿಸಿದರು. ಹೆಂಡತಿ ನೀರು ತಂದರು. ಅಕ್ಕ ಕೂರಲಿಲ್ಲ. ತಾನು ಯಾರೆಂದು ಹೇಳಿ, ಪತ್ರಿಕೆ ಅವರ ಕೈಗಿತ್ತು, ಗಟ್ಟಿಯಾಗಿ ಓದಿ ಎಂದಳು.

ಅವರ ಮುಖ ಬಿಳಿಚಿತು. “ಬಾಯೀ, ಅದು ನಿಮ್ಮ ಯಜಮಾನರ ಮೇಲಲ್ಲ. ವ್ಯವಸ್ಥೆಯ ಮೇಲಿನ ವಿಡಂಬನೆ.”

“ಓದಿ.”

ಅವರು ಶುರು ಮಾಡಿದರು. ಬೋರ್ಡಿನ ಸಾಲಿನ ಹತ್ತಿರ ದನಿ ನಿಂತಿತು. ಅಕ್ಕ ಹತ್ತಿರ ಹೋಗಿ ಅವರ ಕೊರಳಿಗೆ ಕೈ ಹಾಕಿದಳು. ಮರಾಠಿ ಬಿಟ್ಟುಹೋಗಿ ಕನ್ನಡ ಬಂತು. “ಇಲ್ಲಿ ಬಿತ್ತು ಮೊದಲನೇ ಏಟು. ಇಲ್ಲಿಂದ ಇಲ್ಲೀತನಕಾ ಬಾಯಿ ಬಿಟ್ಟಿತ್ತು. ಮಗಳನ್ನ ಉಳಸಾಕ ಹೋಗಿದ್ದಾ ನನ್ನ ಗಂಡ. ನಗೋ! ಈಗ ನಗೋ!”

ಬೆರಳುಗಳು ಬಿಗಿದವು. ಅವರ ಚಷ್ಮಾ ಬಿದ್ದು ಅಕ್ಕನ ಕಾಲಡಿ ಪುಡಿಯಾಯಿತು. ಮುಖ ಕೆಂಪೇರಿ ಗೊರಗೊರ ಸದ್ದು ಹೊರಟಿತು. ನಾನು ಹಿಂದಿನಿಂದ ಅಕ್ಕನನ್ನು ಹಿಡಿದೆಳೆದರೆ ಮೊಣಕೈಯಿಂದ ನನ್ನ ತುಟಿ ಒಡೆದಳು. ಮತ್ತೆ ಎಳೆದೆ. ಮೂವರೂ ಟೀಪಾಯಿಯ ಮೇಲೆ ಬಿದ್ದೆವು. ಅವರ ಕಿವಿ ಹರಿದು ರಕ್ತ ಸುರಿಯಿತು. ಅಕ್ಕನ ಉಗುರಿನ ಗೀರುಗಳು ಕೊರಳ ತುಂಬ ಇದ್ದವು.

ಅವರ ಹೆಂಡತಿ ಕೂಗಲಿಲ್ಲ, ಪೊಲೀಸರನ್ನು ಕರೆಯಲಿಲ್ಲ. ಬಾಗಿಲಿಗೆ ಆತು ನಿಂತು, “ಬೆಳಿಗ್ಗೆ ಚಹಾ ಕುಡಿಯುತ್ತ ಓದಿದೆ. ನಾನೂ ನಕ್ಕೆ” ಎಂದರು. ಅಕ್ಕ ಅವರನ್ನು ನೋಡಿ ಸೆರಗು ಸರಿಮಾಡಿಕೊಂಡು ಮೆಟ್ಟಿಲಿಳಿದಳು.

ಮುಂದಿನ ಭಾನುವಾರ ಅಂಕಣಕಾರರು ಕ್ಷಮೆ ಕೇಳಿ ಬರೆದರು. ಆದರೆ ಅದರಲ್ಲಿ ಹೆಚ್ಚಿದ್ದದ್ದು ಅವರದೇ ಕೊರಳು, ಅವರದೇ ಗಾಯ, ತಮ್ಮನ್ನು ಎಚ್ಚರಿಸಿದ ಒಬ್ಬ ವಿಧವೆಯ ಬೆರಳುಗಳು. ಕೊನೆಗೆ, ಮಗಳು ರಕ್ತದಲ್ಲಿ ತೊಯ್ದ ತಂದೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ ದೃಶ್ಯ. ಓದಿ ಅತ್ತೆವೆಂದು ಸೊಸೈಟಿಯವರೇ ನಮಗೆ ಬಂದು ಹೇಳಿದರು.

ಸೊಸೆ ಅದನ್ನು ಅಡುಗೆಮನೆಯಲ್ಲಿ ನಿಂತು ಓದಿದಳು. ಕೈಲಿದ್ದ ಸ್ಟೀಲ್ ಲೋಟವನ್ನು ಗೋಡೆಗೆ ಬೀಸಿ ಒಗೆದಳು. ಹಾಲು ಚೆಲ್ಲಿ ಅಕ್ಕನ ಮೈಮೇಲೆಲ್ಲ ಸಿಡಿಯಿತು.

“ಸುಳ್ಳು! ನಾ ಅಪ್ಪನ ಹತ್ರ ಹೋಗೇ ಇಲ್ಲ. ತೊಡಿ ಮ್ಯಾಲ ಇಟ್ಕೊಂಡಿಲ್ಲ. ‘ಓಡು’ ಅಂತ ಒದರಿದ, ನಾ ಓಡಿದೆ. ಬಾಗಲಾ ಹಾಕ್ಕೊಂಡೆ. ಸಂದ್ಯಾಗಿಂದ ನೋಡಿದೆ, ಮಾಮಾ. ಎಲ್ಲಾರ್ನೂ ನೋಡೇನಿ. ಹೊಡದು ನಗ್ತಿದ್ರು.”

ತಲೆಯನ್ನು ಗೋಡೆಗೆ ಜಜ್ಜಿಕೊಳ್ಳತೊಡಗಿದಳು. ಅಕ್ಕ ಗೋಡೆಗೂ ಅವಳ ಹಣೆಗೂ ನಡುವೆ ಅಂಗೈ ಒಡ್ಡಿದಳು. ಏಟುಗಳು ಅಂಗೈಗೆ ಬಿದ್ದವು. “ನೀ ಓಡಬೇಕಂತನ ಅವ ಕೆಳಗ ಇಳದದ್ದವ್ವಾ. ಓಡಿದ್ದು ಚಲೋ ಆತು” ಎಂದು ಅದೊಂದೇ ಮಾತನ್ನು, ಅವಳು ಸುಸ್ತಾಗಿ ಕುಸಿಯುವ ತನಕ ಹೇಳಿದಳು.

ಮರುದಿನ ಸೊಸೆ ತಾನಾಗಿಯೇ ಪೊಲೀಸ್ ಚೌಕಿಗೆ ಹೋಗಿ ಹೇಳಿಕೆ ಕೊಟ್ಟಳು. ಸಿಕ್ಕಿಬಿದ್ದವರ ಗುರುತು ಹಿಡಿಯಲು ಜೈಲಿಗೆ ಕರೆದಾಗ ಸಾಲಿನ ಮುಂದೆ ನಡೆದು, ಕೊಯ್ತಾ ಬೀಸಿದವನ ಎದುರು ನಿಂತು ಬೆರಳು ಮಾಡಿದಳು. ಅವನು ಅವಳತ್ತ ನೋಡಿ ನಕ್ಕನಂತೆ. ಅವಳು ಬೆರಳು ಇಳಿಸಲಿಲ್ಲ. ಖಟ್ಲೆ ಇನ್ನೂ ನಡೆದಿದೆ. ನ್ಯಾಯಾಲಯದಲ್ಲಿ ಪತ್ರಿಕೆಯವರು ಮಾತಾಡಿಸಲು ಬಂದರೆ ಅಕ್ಕ ಮಗಳನ್ನು ಹಿಂದೆ ಮಾಡಿ, “ಸರೀರಿ” ಎಂದು ದಾರಿ ಬಿಡಿಸಿಕೊಳ್ಳುತ್ತಾಳೆ.