ಕೆಂಪಕ್ಷರದ ಊರು

ಯಳಂದೂರಿನ ನಮ್ಮ ಕಾಲೇಜಿನಲ್ಲಿ ಒಬ್ಬ ಲೈಬ್ರರಿ ಮೇಡಂ ಇದ್ದರು. ನಮಗೆ ವಿಕಿಯಲ್ಲಿ ಬರೆಯುವುದನ್ನು ಕಲಿಸಿದವರು ಅವರೇ. ಒಂದು ಹೆಸರನ್ನು ಅದರದೇ ಪುಟಕ್ಕೆ ಜೋಡಿಸಬೇಕಾದರೆ ಎರಡೂ ಬದಿಗೆ ಜೋಡಿ ಚೌಕ ಕಂಸ ಹಾಕಬೇಕು. ಮೇಡಂ ಕನ್ನಡಕವನ್ನು ಹಣೆಗೇರಿಸಿ, ಪರದೆಗೆ ಮೂಗು ತಾಗುವಷ್ಟು ಬಗ್ಗಿ, "ತೆಗ್ದಿದ್ದ ಮುಚ್ಚುದ್ರಾ?" ಎಂದು ಪ್ರತಿಯೊಬ್ಬರನ್ನೂ ಕೇಳುತ್ತಿದ್ದರು.

ಒಮ್ಮೆ ನಾನು ಕಾಡಿನಲ್ಲಿ ಸಿಗುವ ನೂರೆ ಗೆಣಸಿನ ಬಗ್ಗೆ ಬರೆದೆ. ಅದನ್ನು ಅಗೆದು ಬೇಯಿಸುವ ಬಗೆಯನ್ನು ನನಗೆ ಹೇಳಿದ್ದ ಬಿಳಿಗಿರಿ ಬೆಟ್ಟದ ಸೋಲಿಗರ ಅಜ್ಜಿ, ಪುಟ ನೋಡಲೆಂದು ಲೈಬ್ರರಿಗೇ ಬಂದರು.

"ಇದ್ರಲ್ಲಿ ನಮ್ಮ ಪೋಡು ಎಲ್ಲದೆ?" ಎಂದು ಕೇಳಿದರು. ಪೋಡು ಎಂದರೆ ಕಾಡಿನೊಳಗಿನ ಅವರ ಪುಟ್ಟ ಊರು.

ಮೇಡಂ ಆ ಊರಿನ ಹೆಸರು ಸೇರಿಸಿ, ಕಂಸ ಹಾಕಿ ಉಳಿಸಿದರು. ಪುಟದಲ್ಲಿದ್ದ ಬೇರೆ ಊರುಗಳೆಲ್ಲ ನೀಲಿ, ಅಜ್ಜಿಯ ಪೋಡು ಮಾತ್ರ ಕೆಂಪು.

ಅಜ್ಜಿಯ ಮುಖ ಬಾಡಿತು. "ನಮ್ದು ತಪ್ಪಾ ಅವ್ವಾ?"

"ತಪ್ಪಲ್ಲ ಕಣಜ್ಜಿ. ಆ ಊರ್ ಬಗ್ಗೆ ಇನ್ನೂ ಯಾರೂ ಬರ್ದಿಲ್ಲ ಅಂತ ಆ ಕೆಂಪು ಏಳ್ತಾ ಅದೆ," ಎಂದ ಮೇಡಂ ಎದ್ದು, ತಮ್ಮ ಕುರ್ಚಿಯನ್ನು ಅಜ್ಜಿಯತ್ತ ಎಳೆದರು.

ಅಜ್ಜಿ ಸೆರಗು ಸರಿಮಾಡಿಕೊಂಡು ಕೂತರು. "ಅಂಗಾದ್ರೆ ಬರ್ಕೊ, ನಾ ಏಳ್ತೀನಿ. ಮೊದ್ಲು ನಮ್ಮ ತೊರೆ ಎಸ್ರು ಬರಿ."

ಮೇಡಂ ನಿಂತುಕೊಂಡೇ ಟೈಪು ಮಾಡತೊಡಗಿದರು.