ಪ್ರೇಮಲೀಲಾ ಕಿತ್ತ ಕೀಲಿ

ನಮ್ಮ ಕಾರ್ಖಾನೆಯ ಸ್ಟೋರ್ಸಿನಲ್ಲಿ ಪ್ರೇಮಲೀಲಾ ಅವರ ಸೀಟಿಗೆ ಒಂದು ಗತ್ತಿತ್ತು. ದೊಡ್ಡ ಕಂಪ್ಯೂಟರು ಮುಂಬಯಿಯ ಹೆಡ್ಡಾಫೀಸಿನಲ್ಲಿ. ಇಲ್ಲಿ ಅವರ ಮುಂದೆ ಹಸಿರು ಅಕ್ಷರದ ಟರ್ಮಿನಲ್ಲು. ಯಾವ ಮೆಷಿನ್ನಿಗೆ ಯಾವ ಬಿಡಿಭಾಗ ಬೇಕೆಂದು ಪರದೆ ತುಂಬಿ ಅವರು ಕಳಿಸಿದರೆ ಮುಗಿಯಿತು, ಮರುಮಾತಿಲ್ಲ. ಸಿದ್ಧಾರ್ಥನಗರದಿಂದ ಬಸ್ಸಿನಲ್ಲಿ ಬಂದವರೇ ಟರ್ಮಿನಲ್ಲಿಗೆ ವಿಭೂತಿ ಹಚ್ಚಿ ಕೆಲಸ ಶುರುಮಾಡುತ್ತಿದ್ದರು. ಪಕ್ಕದ ಟೇಬಲ್ಲು ನನ್ನದು.

೨೦೦೨ರಲ್ಲಿ ಹಳೆಯ ಲೈನು ಕಿತ್ತು ಹೊಸ ನೆಟ್‌ವರ್ಕ್ ಎಳೆದರು. ಮುಂಬಯಿಯ ಕಂಪ್ಯೂಟರು ಅದೇ. ಆದರೆ ಟರ್ಮಿನಲ್ಲಿನ ಬದಲು ಪಿಸಿ, ಅದರೊಳಗೊಂದು ಕಿಟಕಿಯಲ್ಲಿ ಅದೇ ಹಸಿರು ಅಕ್ಷರ. ಏನೂ ಬದಲಾಗಿಲ್ಲ ಎಂದರು ಸಿಸ್ಟಮ್ಸ್ ವಿಭಾಗದ ರವಿಚಂದ್ರ. ಸುಳ್ಳು. ಮೊದಲು ಬಲಗಡೆಯ ದೊಡ್ಡ ಕೀ ಒತ್ತಿದರೆ ಮುಂದಿನ ಸಾಲು ಬರುತ್ತಿತ್ತು. ಕಳಿಸುವ ಕೀ ಬೇರೆ, ಕೆಳಗೆ ಮೂಲೆಯಲ್ಲಿ. ಈಗ ಆ ದೊಡ್ಡ ಕೀ ಒತ್ತಿದರೆ ಇಡೀ ಪರದೆಯೇ ಮುಂಬಯಿಗೆ ಹೋಗಿಬಿಡುತ್ತಿತ್ತು. ವರ್ಷಾನುಗಟ್ಟಲೆ ಪಳಗಿದ ಬೆರಳು ಕೇಳಬೇಕಲ್ಲ? ಅರ್ಧ ತುಂಬಿದ ಪರದೆಗಳು ಹೋದವು. ಬೇಕಾದ ಬೇರಿಂಗ್ ಬಾರದೆ ಮೆಷಿನ್ನುಗಳು ನಿಂತವು.

ಹಳೆಯ ಟರ್ಮಿನಲ್ಲೇ ಕೊಡಿ ಎಂದು ಪ್ರೇಮಲೀಲಾ ಬೇಡಿಕೊಂಡರು. ವಯಸ್ಸಾದವರಿಗೆ ಹೊಸತು ಹಿಡಿಸುವುದಿಲ್ಲ ಎಂದು ರವಿಚಂದ್ರ ತೀರ್ಮಾನಿಸಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಕ್ಯಾಂಟೀನಿನಲ್ಲಿ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ನೆಲ ಡೊಂಕಾಗಿಯೇ ಇತ್ತು.

ತಪ್ಪು ನಿಲ್ಲದಿದ್ದರೆ ಸೀಟು ಬಿಟ್ಟು ಕ್ಯಾಂಟೀನಿನ ಕೂಪನ್ ಕೌಂಟರಿಗೆ ಹೋಗಿ ಎಂದು ಮ್ಯಾನೇಜರು ಹೇಳಿಬಿಟ್ಟರು. ಅವತ್ತೇ ಪ್ರೇಮಲೀಲಾ ಹೇರ್‌ಪಿನ್ ತೆಗೆದು ಆ ದೊಡ್ಡ ಕೀಯನ್ನು ಮೀಟಿ ಕಿತ್ತರು. ಕೀ ಇದ್ದಲ್ಲಿ ಉಳಿದ ಗುಂಡಿಗೆ ಬೆರಳು ಬಿದ್ದೊಡನೆ ಎಚ್ಚರವಾಗುತ್ತಿತ್ತು. ಮುಂದಿನ ಸಾಲಿಗೆ ಬಾಣದ ಗುರುತಿನ ಕೀ, ಕಳಿಸುವಾಗ ಮಾತ್ರ ಗುಂಡಿಯೊಳಗೆ ಪಿನ್ನಿನಿಂದ ಒತ್ತುವುದು. ಆ ವಾರ ಒಂದು ತಪ್ಪೂ ಆಗಲಿಲ್ಲ. ಆದರೆ ರವಿಚಂದ್ರರ ಕಣ್ಣಿಗೆ ಆ ಗುಂಡಿ ಬಿತ್ತು. ಕಂಪನಿಯ ಸಾಮಾನು ಹಾಳುಮಾಡಿದ್ದಕ್ಕೆ ಮೆಮೊ ಬಂತು, ಜೊತೆಗೆ ಕೂಪನ್ ಕೌಂಟರಿನ ಆರ್ಡರು.

ಯಾಕೆ ಕಿತ್ತಿರಿ ಎಂದು ರವಿಚಂದ್ರ ಕೇಳಿದ್ದು ಅವರು ಸೀಟು ಖಾಲಿ ಮಾಡುವಾಗ. ಅವರು ಹೇಳಿದರು. ರವಿಚಂದ್ರ ಮೌಸ್ ಹಿಡಿದು ಎರಡು ಕಡೆ ಏನೋ ಬದಲಿಸಿ, ಕೀ ಕೂರಿಸಿ, ಒತ್ತಿ ನೋಡಿ ಎಂದರು. ಸಾಲು ಮುಂದಕ್ಕೆ ಹೋಯಿತು. ಪರದೆ ಅಲ್ಲೇ ಇತ್ತು.

"ಇಷ್ಟೇ ಕಣಮ್ಮ. ಮೊದ್ಲೇ ಹೇಳ್ಬಾರ್ದಿತ್ತಾ?"

"ನೀವು ಮೊದ್ಲೇ ಕೇಳ್ಬಾರ್ದಿತ್ತಾ ಸಾರ್?"

ಆರ್ಡರಿಗೆ ಸಹಿ ಬಿದ್ದಾಗಿತ್ತು, ಹಿಂದಕ್ಕೆ ಹೋಗಲಿಲ್ಲ. ಆ ಸೀಟಿಗೆ ಹೊಸ ಹುಡುಗಿ ಮಾನಸ ಬಂದಳು. ಅವಳಿಗೆ ಪಿಸಿಯ ಪದ್ಧತಿಯೇ ಅಭ್ಯಾಸ. ದೊಡ್ಡ ಕೀ ಒತ್ತಿದರೂ ಪರದೆ ಹೋಗುತ್ತಿಲ್ಲ ಎಂದು ಫೋನ್ ಮಾಡಿದಳು. ರವಿಚಂದ್ರ ಕುಡಿಯುತ್ತಿದ್ದ ಕಾಫಿ ಬಿಟ್ಟು ಬಂದು, ಏನು ತೊಂದರೆ ಎಂದು ಕೇಳಿ, ಸರಿಮಾಡಿಕೊಟ್ಟರು.