ಮಳೆ ಹೇಳುತ್ತಿದ್ದ ಅಕ್ಕ

ಹೋದ ವಾರ ಬಸವನ ಬಾಗೇವಾಡಿಯ ಸಂತೆಯಲ್ಲಿ ಒಬ್ಬ ವ್ಯಾಪಾರಿ ಒಣದ್ರಾಕ್ಷಿ ಚೀಲದ ಬಾಯಿ ಬಿಚ್ಚಿದ. ಸಿಹಿಯೊಳಗೆ ಹುಳಿ ಬೆರೆತ, ತುಸು ಮುಗ್ಗಲು ವಾಸನೆ ಬಂತು. "ಮಳಿಯಾಗ ತೊಯ್ದ ಮಾಲ್ ಐತ್ರಿ, ಅದಕ್ಕ ಕರ್ರಗಾಗೇತಿ. ಅಗ್ಗ ಹಚ್ಚಿ ಕೊಡ್ತೇನಿ" ಅಂದ. ನಾನು ಕೊಳ್ಳಲಿಲ್ಲ. ಅಲ್ಲಿಂದ ಕಾಲು ಕೀಳಲೂ ಆಗಲಿಲ್ಲ. ಇದೇ ವಾಸನೆಯಲ್ಲಿ ಒಂದು ಇಡೀ ಮಧ್ಯಾಹ್ನ ಅಕ್ಕನ ಪಕ್ಕ ಕೂತಿದ್ದೆ...

ಅಕ್ಕ ನನ್ನ ಜೊತೆ ಕೆಲಸ ಮಾಡುತ್ತಿದ್ದವರು. ನನಗಿಂತ ಹದಿನೈದು ವರ್ಷ ದೊಡ್ಡವರು. ರೈತರಿಗೆ ಹವಾಮಾನ ಹೇಳುವ ಖಾಸಗಿ ಕಂಪನಿಯೊಂದು ಬಾಗೇವಾಡಿಯಲ್ಲಿ, ಗೊಬ್ಬರದ ಅಂಗಡಿಯ ಮಹಡಿಯ ಮೇಲೆ, ಎರಡು ಕೋಣೆ ಹಿಡಿದಿತ್ತು. ಆಗ ಅಂಥ ಕಂಪನಿ ನಮ್ಮ ಕಡೆ ಅದೊಂದೇ. ಹೊಲಗಳಲ್ಲಿ ನೆಟ್ಟ ಕಂಬಗಳಿಂದ ಬರುವ ಗಾಳಿ, ಬಿಸಿಲು, ಮಳೆಯ ಲೆಕ್ಕ ನೋಡುವುದು ನನ್ನ ಕೆಲಸ. ಹೆಡ್ ಆಫೀಸಿನಿಂದ ಬಂದ ಮುನ್ಸೂಚನೆಯನ್ನು ಓದಿ ರೆಕಾರ್ಡ್ ಮಾಡುವುದು ಅಕ್ಕನ ಕೆಲಸ. ಮರುದಿನ ಬೆಳಿಗ್ಗೆ ಆರಕ್ಕೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ನಾಲ್ಕೂ ತಾಲೂಕುಗಳ ಚಂದಾದಾರರ ಫೋನು ರಿಂಗಾಗುತ್ತಿತ್ತು. ಎತ್ತಿದರೆ ಅಕ್ಕನ ಧ್ವನಿ.

ಹೆಡ್ ಆಫೀಸಿನವರು ಬರೆದು ಕಳಿಸುತ್ತಿದ್ದುದನ್ನು ಅವರು ಒಂದು ದಿನವೂ ಇದ್ದ ಹಾಗೆ ಓದಿದವರಲ್ಲ. 'ಮಳೆಯ ಸಾಧ್ಯತೆ ಶೇಕಡಾ ಇಪ್ಪತ್ತು' ಎಂದಿದ್ದರೆ ಕಾಗದವನ್ನು ಮಗುಚಿಟ್ಟು, ಎದುರಿಗೆ ಯಾರೋ ಕೂತಿದ್ದಾರೆ ಅನ್ನುವಂತೆ ಹೇಳುತ್ತಿದ್ದರು: "ಮಳಿ ಬರೂದು ಕಡಿಮಿ ಐತ್ರಿ. ಆದ್ರೂ ತಾಡಪತ್ರಿ ಕೈಗೆ ಸಿಗೂವಂಗ ಇಟ್ಕೊಳ್ರಿ."

"ಇಪ್ಪತ್ತು ಅಂತ ಹೇಳಿದ್ರ ಸಾಕಲ್ರಿ ಅಕ್ಕಾ?" ಎಂದು ಒಮ್ಮೆ ಕೇಳಿದ್ದೆ.

"ಇಪ್ಪತ್ತು ತಗೊಂಡು ಅವ್ರು ಏನ್ ಮಾಡಬೇಕು ತಂಗಿ? ಕೈಯಾಗ ಏನು ಹಿಡೀಬೇಕು ಅನ್ನೂದು ಹೇಳಬೇಕು."

ಐದು ವರ್ಷದ ಹಿಂದೆ, ಮಾರ್ಚಿನಲ್ಲಿ, ಹೊಸ ಮ್ಯಾನೇಜರು ಬಂದರು. ಗಾಳಿ, ಬಿಸಿಲು, ಮಳೆ ಎಲ್ಲ ಸೇರಿ ಸಂದೇಶ ಅರ್ಧ ನಿಮಿಷ ದಾಟಬಾರದು ಎಂಬುದು ಅವರ ಕಟ್ಟಪ್ಪಣೆ. ಇಂಡಿ ಕಡೆ ದ್ರಾಕ್ಷಿ ಕೊಯ್ದು ಶೆಡ್ಡಿನ ಬಲೆಗಳ ಮೇಲೆ ಒಣಹಾಕಿದ್ದ ಕಾಲ. ಮಳೆ ಬಂದರೆ ಶೆಡ್ಡಿನ ಪಕ್ಕಗಳಿಗೆ ತಾಡಪತ್ರಿಯ ಪರದೆ ಇಳಿಬಿಡಬೇಕು. ಒಂದು ದಿನ ಇಂಡಿಗೆ ಅದೇ ಇಪ್ಪತ್ತು ಬಂತು. ಅಕ್ಕ ರೆಕಾರ್ಡ್ ಮಾಡಿದರು. ಉದ್ದವಾಯಿತು ಎಂದು ಮ್ಯಾನೇಜರು ವಾಪಸ್ ಕಳಿಸಿದರು. ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯ ಸಲ ಅಕ್ಕ ತಾಡಪತ್ರಿಯ ಮಾತನ್ನು ಬಿಟ್ಟರು. ಮಳೆಯ ಬಗ್ಗೆ "ಮಳಿ ಬರೂದು ಕಡಿಮಿ ಐತ್ರಿ" ಅಷ್ಟೇ.

ಮರುದಿನ ಮಧ್ಯಾಹ್ನ ಇಂಡಿ ಸೀಮೆಯಲ್ಲಿ ಗಾಳಿಯೆದ್ದು ಒಂದು ತಾಸು ಅಡ್ಡಮಳೆ ಹೊಡೆಯಿತು.

ಸಂಜೆ ಆಫೀಸಿಗೆ ಬಂದ ಫೋನುಗಳಲ್ಲಿ ಹೆಚ್ಚಿನವು ಬೈಗುಳವೇ. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡರು. ಅವರನ್ನು ಕಂಗೆಡಿಸಿದ್ದು ಬೈಯದೇ ಮಾತಾಡಿದ ಒಬ್ಬ ಅಜ್ಜಿಯ ಫೋನು. ಇಂಡಿ ಹತ್ತಿರದ ಹಳ್ಳಿಯವಳು, ಎರಡೆಕರೆ ದ್ರಾಕ್ಷಿ ತೋಟ ಸ್ವತಃ ನೋಡಿಕೊಳ್ಳುವವಳು. "ದಿನಾ ತಾಡಪತ್ರಿ ಅಂತಿದ್ದಿ. ಇವತ್ತು ಅನಲಿಲ್ಲ. ಚಿಂತಿಲ್ಲ ಅಂತ ತಿಳಕೊಂಡು, ಗಾಳಿ ಆಡ್ಲಿ ಅಂತ ಎಲ್ಲಾ ಮ್ಯಾಲ ಸುತ್ತಿ ಕಟ್ಟಿದ್ದೆ ಯವ್ವಾ" ಅಂದಳು.

ಅಕ್ಕ ಫೋನ್ ಇಟ್ಟು ಅಜ್ಜಿಯ ಊರಿನ ಹೆಸರನ್ನು ಕಾಗದದ ಮೇಲೆ ಬರೆದುಕೊಂಡರು. ಆಮೇಲೆ "ರವಿವಾರ ಇಂಡಿಗೆ ಹೊಂಟೇನಿ, ಬರ್ತಿಯೇನು?" ಎಂದು ಕೇಳಿದರು.

ವಿಜಯಪುರದಲ್ಲಿ ಬಸ್ಸು ಬದಲಿಸಿ, ಇಂಡಿಯಲ್ಲಿ ಇಳಿದು, ಕೇಳುತ್ತ ಕೇಳುತ್ತ ಆ ತೋಟ ಮುಟ್ಟಿದೆವು. ಅಜ್ಜಿ ನಮಗೆ ಬೆನ್ನು ಮಾಡಿ, ಮೊರದಲ್ಲಿ ದ್ರಾಕ್ಷಿ ಹಾಕಿಕೊಂಡು ಆರಿಸುತ್ತಿದ್ದಳು. "ಅವ್ವಾರ, ನೀರು ಕೊಡ್ತೀರೇನ್ರಿ?" ಅಂದರು ಅಕ್ಕ. ಬಂದ ಕೆಲಸ ಒಮ್ಮೆಲೇ ಹೇಳಲು ಅವರಿಗೆ ಬಾಯಿ ಬರಲಿಲ್ಲ ಅನ್ನಿಸುತ್ತದೆ.

ಅಜ್ಜಿಯ ಕೈ ನಿಂತಿತು. ತಿರುಗದೆಯೇ ಕೇಳಿದಳು: "ಮಳಿ ಅಕ್ಕ ಅಲ್ಲಾ ನೀ?"

"ಹೌದ್ರಿ. ತಪ್ಪಾತ್ರಿ ಅವ್ವಾರ."

"ಮಳಿ ನೀ ಕರಕೊಂಡ್ ಬಂದಿಯೇನು?"

"ಇಲ್ರಿ. ಆದ್ರ ಬಂದ್ರೂ ಬರಬಹುದು ಅಂತ ನಂಗ ಗೊತ್ತಿತ್ತು. ಹೇಳಲಿಲ್ಲ."

ಅಜ್ಜಿ 'ಇರಲಿ ಬಿಡು' ಅನ್ನಲಿಲ್ಲ. ಒಳಗೆ ಹೋಗಿ ಎರಡು ತಂಬಿಗೆ ನೀರು ತಂದಳು. ಮತ್ತೆ ಕೂತು ಆರಿಸತೊಡಗಿದಳು. ನಾವು ನಿಂತೇ ಇದ್ದೆವು. ಕೊನೆಗೆ ಇನ್ನೊಂದು ಮೊರವನ್ನು ಅಕ್ಕನ ಕಡೆ ದೂಡಿ, "ಕೂಡು. ಕರೇವು ಬ್ಯಾರೆ ಮಾಡು" ಅಂದಳು. ಹೊತ್ತು ಮುಳುಗುವ ತನಕ ಮೂವರೂ ಕರಿಯ ದ್ರಾಕ್ಷಿ ಬೇರೆ ಮಾಡಿದೆವು. ಬಂಗಾರದ ಬಣ್ಣದವು ಬಹಳ ಕಡಿಮೆ ಇದ್ದವು.

ಅಲ್ಲಿಂದಾಚೆ ಅಕ್ಕ ಒಂದು ಮಾತನ್ನೂ ಬಿಡಲಿಲ್ಲ. ಅರ್ಧ ನಿಮಿಷ ಒಂದು ನಿಮಿಷವಾಯಿತು. ವಾಪಸ್ ಬಂದರೆ ಅದನ್ನೇ ಮತ್ತೆ ಕಳಿಸುತ್ತಿದ್ದರು. ವರ್ಷ ತುಂಬುವುದರೊಳಗೆ ಹೆಡ್ ಆಫೀಸಿನಿಂದ ಕಾಗದ ಬಂತು: ಇನ್ನು ಎಲ್ಲ ಜಿಲ್ಲೆಗಳಿಗೂ ಕಂಪ್ಯೂಟರೇ ಓದುತ್ತದೆ. ಅಕ್ಕ ತಮ್ಮ ಪೆನ್ನು, ಕನ್ನಡಕದ ಡಬ್ಬಿ ಚೀಲಕ್ಕೆ ಹಾಕಿಕೊಂಡು ಮುದ್ದೇಬಿಹಾಳದ ತಮ್ಮನ ಮನೆಗೆ ಹೋದರು. ಹಲವು ತಿಂಗಳು ರೈತರು ಫೋನ್ ಮಾಡಿ "ಅಕ್ಕಾರಿಗೆ ಆರಾಮಿಲ್ಲೇನ್ರಿ?" ಎಂದು ಕೇಳುತ್ತಿದ್ದರು. ಆಮೇಲೆ ಅದೂ ನಿಂತಿತು.

ಅಕ್ಕ ನನಗೆ ಆಗೀಗ ಫೋನ್ ಮಾಡುತ್ತಿದ್ದರು. "ಒಂದ್ ಸಲ ಬಾ ತಂಗಿ, ಎರಡು ದಿನ ಇದ್ದು ಹೋಗುವಂತಿ." "ಬರ್ತೇನ್ರಿ ಅಕ್ಕಾ" ಅನ್ನುತ್ತಿದ್ದೆ. ಕೆಲಸ ಹೆಚ್ಚಿತ್ತು. ನೋಡನೋಡುತ್ತ ಇನ್ನೂ ಮೂರು ಕಂಪನಿ ಬಂದವು. ಊರೂರಿಗೆ ಕಂಬ ಎದ್ದವು. ಒಬ್ಬರು ತಾಸಿಗೊಮ್ಮೆ ಹೇಳಿದರೆ ಇನ್ನೊಬ್ಬರು ಹೊಲಹೊಲದ ಮಳೆ ಹೇಳತೊಡಗಿದರು. ನಾನು ಅವರಲ್ಲೊಬ್ಬರ ಬಳಿ ಸೇರಿ ಈಗ ಮೇಲ್ವಿಚಾರಕಿ. ಸುಳ್ಳೇಕೆ, ಮುನ್ಸೂಚನೆ ಮೊದಲಿಗಿಂತ ಎಷ್ಟೋ ಪಾಲು ಸರಿ ಬರುತ್ತದೆ. ತಪ್ಪಿದಾಗ ಏನು ಉತ್ತರ ಕೊಡಬೇಕೆಂದು ಬರೆದಿಟ್ಟ ಹಾಳೆಯೂ ನಮ್ಮಲ್ಲಿದೆ.

ಸಂತೆಯಿಂದ ಮನೆಗೆ ಬಂದವಳೇ ಅಕ್ಕನ ನಂಬರಿಗೆ ಫೋನ್ ಹಚ್ಚಿದೆ. ಬಂದ್ ಆಗಿತ್ತು. ಮರುದಿನ ರಜೆ ಹಾಕಿ ಮುದ್ದೇಬಿಹಾಳದ ಬಸ್ಸು ಹಿಡಿದೆ. ಬಾಗಿಲು ತೆರೆದ ಅವರ ತಮ್ಮನ ಹೆಂಡತಿ ನನ್ನ ಹೆಸರು ಕೇಳಿ, ಸೆರಗು ಬಾಯಿಗೆ ಹಿಡಿದುಕೊಂಡರು. ಹೋದ ದೀಪಾವಳಿಯ ಮುಂಚೆಯೇ ತೀರಿಕೊಂಡರಂತೆ. ಎದೆನೋವು ಅಂದವರು ದವಾಖಾನೆ ಮುಟ್ಟಲಿಲ್ಲ.

"ನೀವು ಬರ್ತೀರಿ ಅಂತ ನಿಮಗ ಒಂದು ಕೌದಿ ಹೊಲಿದಿಟ್ಟಿದ್ರು" ಅಂದರು ಆಕೆ. "ತಡಾ ಆತು ಅಂತ, ಛಳಿಗಾಲದಾಗ ನಮ್ಮ ಹುಡುಗರಿಗೆ ಹೊದಿಸಿಬಿಟ್ಟೆ..."

ಬಾಗೇವಾಡಿಯಿಂದ ಅಲ್ಲಿಗೆ ಬಸ್ಸಿನಲ್ಲಿ ಒಂದೂವರೆ ತಾಸು. ನಾನು ಹೋಗಲು ನಾಲ್ಕು ವರ್ಷ ತೆಗೆದುಕೊಂಡೆ.